ಹಾಲಿನೊಳಗೆ ಗಗನಚುಕ್ಕಿ

ತಲೆ ತುಂಬ ಕೂದಲು, ಬೆಲ್ಟಿನೊಳಗೇ ಉಳಿಯುವ ಹೊಟ್ಟೆ: ಎರಡೂ ಇದೇ ಜನ್ಮದಲ್ಲಿ ಬೇಕೆಂದರೆ ವರ್ಚುಯಲ್ ಲೋಕಕ್ಕೇ ಹೋಗಬೇಕು. 2003ರಲ್ಲಿ ‘ಸೆಕೆಂಡ್ ಲೈಫ್’ ಎಂಬ ಅಂಥದೊಂದು ಲೋಕ ಶುರುವಾಯಿತು. ಮುಂದೆ ಹೊರದೇಶದ ವಿಶ್ವವಿದ್ಯಾಲಯಗಳು ಅದರಲ್ಲಿ ದ್ವೀಪಗಳನ್ನೇ ಕೊಂಡು ಪಾಠ ಮಾಡಿದವು. ಮಂಡ್ಯದಲ್ಲಿ ಮೂವತ್ತು-ನಲವತ್ತರ ಸೈಟು ಕೊಳ್ಳಲಾಗದ ಮೇಷ್ಟರಿಗೆ ದ್ವೀಪ! ಆಸೆ ಯಾರಪ್ಪನ ಮನೆ ಗಂಟು, ಹೇಳಿ.

ನಮ್ಮಲ್ಲೂ ಸರ್ಕಾರದ ‘ವರ್ಚುಯಲ್ ಲ್ಯಾಬ್ಸ್’ ಇದೆ. ಸುರತ್ಕಲ್ಲಿನ ಎನ್‌ಐಟಿಕೆಯೂ ಅದರಲ್ಲಿ ಪಾಲುದಾರ. ಅಲ್ಲಿ ಪ್ರಯೋಗ ಕೆಟ್ಟರೆ ಗುಂಡಿ ಒತ್ತಿ ಮೊದಲಿನಿಂದ ಶುರು ಮಾಡಬಹುದು. ನಮ್ಮ ಮನೆಯಲ್ಲಿ ಆ ಗುಂಡಿ ಇಲ್ಲ. ನಿಮ್ಮ ಮನೆಯಲ್ಲೂ ಇರಲಾರದು.

ಈ ಸಲ ನಮ್ಮ ಕ್ಲಾಸಿನ ಹುಡುಗರು ಪ್ರಾಜೆಕ್ಟಿಗೆಂದು ಶಿವನಸಮುದ್ರದ ವಿದ್ಯುತ್ ಕೇಂದ್ರವನ್ನು ವರ್ಚುಯಲ್ಲಾಗಿ ಕಟ್ಟಿದರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಕೇಂದ್ರ. ಹೆಡ್‌ಸೆಟ್ ತೊಟ್ಟರೆ ಪೈಪಿನಲ್ಲಿ ಕಾವೇರಿ ಇಳಿದು ಟರ್ಬೈನ್ ತಿರುಗುತ್ತದೆ. ಕತ್ತು ಹೊರಳಿಸಿದರೆ ಗಗನಚುಕ್ಕಿ ಜಲಪಾತ. ಗುಂಪಿನಲ್ಲಿದ್ದ ಮದ್ದೂರಿನ ಹುಡುಗ ಜನರೇಟರ್ ಪಕ್ಕ ಒಂದು ವಡೆ ಅಂಗಡಿಯನ್ನೂ ಇಟ್ಟಿದ್ದ.

‘ಮದ್ದೂರು ವಡೆ ಹುಟ್ಟಿದ್ದೇ 1917ರಲ್ಲಿ ಅಂತಾರೆ, 1902ಕ್ಕೆ ಹೆಂಗಯ್ಯ ಬಂತು?’ ಎಂದು ಗದರಿದೆ.

‘ಜನ ಬರಬೇಕಲ್ಲ ಸಾರ್!’

ಪರೀಕ್ಷೆಗೆ ಬಂದ ಎಕ್ಸ್‌ಟರ್ನಲ್ ಸಾಹೇಬರು ಅಂಗಡಿ ಮುಂದೆಯೇ ಹೆಚ್ಚು ಹೊತ್ತು ನಿಂತರು. ಅವನಿಗೇ ಜಾಸ್ತಿ ಮಾರ್ಕ್ಸು.

ನನ್ನ ಹೆಂಡತಿಯದು ಆ ಜಲಪಾತದ ಹತ್ತಿರದ ಮಳವಳ್ಳಿ. ‘ನಿನ್ನ ತವರನ್ನೇ ಹಾಲಿಗೆ ತಂದಿದ್ದೀನಿ’ ಎಂದು ಜಂಬ ಕೊಚ್ಚಿಕೊಂಡು ಹೆಡ್‌ಸೆಟ್ ಏರಿಸಿದೆ. ನೆಲದ ಮೇಲೆ ಗೆರೆ ಹಾಕಿಕೊಂಡು ಅದರೊಳಗೇ ಓಡಾಡಬೇಕು ಅನ್ನುವುದು ನಿಯಮ. ಕ್ಲಾಸಿನಲ್ಲಿ ಅದನ್ನು ಬೆರಳೆತ್ತಿ ಹೇಳುವವನು ನಾನೇ. ಆದರೆ ಎದುರಿಗೆ ಜಲಪಾತ ಇದ್ದಾಗ ಗೆರೆ ಯಾರು ನೋಡುತ್ತಾರೆ? ಬಂಡೆಯೆಂದು ಕಾಲಿಟ್ಟೆ, ಅದು ಅತ್ತೆ ಫ್ಯಾನಿನಡಿ ಹರವಿದ್ದ ಸಂಡಿಗೆ. ಜಾರಿದವನು ಆಸರೆಗೆ ಟರ್ಬೈನಿನ ಲಿವರ್ ಹಿಡಿದೆ; ಅದು ಮಿಕ್ಸಿ ಜಾರು, ಒಳಗೆ ಚಟ್ನಿ.

‘ಅಳೀಮಯ್ಯನಿಗೆ ಪೊರೆ ಆಪರೇಷನ್ ಆಯ್ತಾ? ಯೋಳ್ಲೇ ಇಲ್ವಲ್ಲೇ!’ ಎಂದರು ಅತ್ತೆ.

ಅಷ್ಟರಲ್ಲಿ ಕರೆಂಟು ಹೋಯಿತು. ಹೆಡ್‌ಸೆಟ್ಟಿಗೆ ಬ್ಯಾಟರಿ ಇದೆಯಲ್ಲ, ಮನೆಯೆಲ್ಲ ಕತ್ತಲಾದರೂ ನನ್ನ ಮೂಗಿನ ಮೇಲೆ ಜನರೇಟರ್ ಮಾತ್ರ ಭರ್ಜರಿಯಾಗಿ ಓಡುತ್ತಿತ್ತು.

ಹೆಂಡತಿ ಅದನ್ನು ಕಿತ್ತುಕೊಂಡು ತಾನೂ ನೋಡಿದಳು. ‘ಸದ್ದೇ ಇಲ್ವಲ್ರೀ! ಗಗನಚುಕ್ಕಿ ತಾವ ಪಕ್ಕದಲ್ಲಿರೋರು ಕೂಗಿದ್ರೂ ಕೇಳಕಿಲ್ಲ. ಮೊಕಕ್ಕೊಂದು ಹನಿಯಾದ್ರೂ ಬೀಳಬ್ಯಾಡ್ವಾ?’

ನಾವ್ಯಾರೂ ನೀರಿಗೆ ದನಿ ಕೊಟ್ಟೇ ಇರಲಿಲ್ಲ. ಹುಡುಗರು ಮಾರನೆಯ ಭಾನುವಾರ ಬೈಕೇರಿ ಹೋಗಿ ಜಲಪಾತದ ಸದ್ದು ರೆಕಾರ್ಡ್ ಮಾಡಿಕೊಂಡು ಬಂದರು. ಹನಿಯ ವ್ಯವಸ್ಥೆ ಇನ್ನೂ ಆಗಿಲ್ಲ.

ಕಾವೇರಿ ತುಂಬಿದಾಗ ನೀವು ಮಳವಳ್ಳಿ ಮೇಲೆ ಹೋಗಿ ನಿಜವಾದದ್ದನ್ನೇ ನೋಡಿಬಿಡಿ. ಹೆಡ್‌ಸೆಟ್ಟೇ ಬೇಕೆಂದರೆ ಕೊಡುತ್ತೇನೆ, ಸಂಡಿಗೆ ಎಲ್ಲಿ ಒಣಗಿದೆ ಎಂದು ಮೊದಲು ಅತ್ತೆಯನ್ನು ಕೇಳಿಕೊಳ್ಳಿ.