ವೋಟರ್ ಕಾರ್ಡಿನ ಫಾರಿನ್ನು

ಫಾರಿನ್ನಿಂದ ಕೆಲಸಕ್ಕೆ ಕರೆ ಬಂತು ಅಂದರೆ ಗಂಡಸು ಮೊದಲು ಹೋಗಿ ನಿಲ್ಲುವುದು ಕನ್ನಡಿ ಮುಂದೆ. ಹೆಂಡತಿಗೆ ಹೇಳುವುದು ಆಮೇಲೆ. ನೀವೂ ಇದನ್ನೇ ಮಾಡುತ್ತೀರಿ, ಸುಮ್ಮನೆ ನನ್ನನ್ನು ನೋಡಿ ನಗಬೇಡಿ.

ನಾನು ದೇವನೂರಿನವನು. ದಿನಾ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ, ಬೋರ್ಡಿನ ಸುಣ್ಣವನ್ನೆಲ್ಲ ತಲೆ ಮೇಲೆ ಹೊತ್ತು ವಾಪಸು ಬರುತ್ತೇನೆ. ಸಂಬಳ ಎಷ್ಟು ಅಂತ ಕೇಳಬೇಡಿ, ಹೇಳಿದರೆ ನೀವೇ ಚಾ ಕುಡಿಸುತ್ತೀರಿ. ಇಂಥವನಿಗೆ ಭೂತಾನ್ ದೇಶದ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಲು ಆಯ್ಕೆಯಾಗಿದ್ದೀರಿ, ಒಪ್ಪಿಗೆ ತಿಳಿಸಿ ಎಂದು ಮೇಲ್ ಬಂತು. ತಿಂಗಳಿಗೆ 1,40,000 ರೂಪಾಯಿ! ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದೆ. ಫಿಸಿಕ್ಸ್ ಮೇಷ್ಟ್ರಾಗಿ ನನ್ನ ಎಣಿಕೆ ಮೇಲೆ ನನಗೇ ನಂಬಿಕೆ ಬಾರದೆ ಮಗನ ಕೈಲೂ ಎಣಿಸಿಸಿದೆ.

ಭೂತಾನ್‌ನಲ್ಲಿ ಈಗ ಮೇಷ್ಟ್ರುಗಳಿಗೆ ಬರ. ಅಲ್ಲಿನವರೆಲ್ಲ ಗುಂಪುಗುಂಪಾಗಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದಾರಂತೆ. ಖಾಲಿಯಾದ ಕುರ್ಚಿಗಳಿಗೆ ಕೇಂದ್ರ ಸರ್ಕಾರದ ಎಡ್‌ಸಿಲ್ ಸಂಸ್ಥೆ ಇಲ್ಲಿಂದ ಲೆಕ್ಕ, ಫಿಸಿಕ್ಸ್, ಕೆಮಿಸ್ಟ್ರಿ, ಕಂಪ್ಯೂಟರ್ ಮೇಷ್ಟ್ರುಗಳನ್ನು ಆರಿಸಿ ಕಳಿಸುತ್ತದೆ. 60ರ ದಶಕದಲ್ಲಿ ಆ ದೇಶ ಶಾಲೆಗಳನ್ನು ಕಟ್ಟುವಾಗಲೂ ಬೆಟ್ಟ ಹತ್ತಿ ಹೋಗಿ ಪಾಠ ಹೇಳಿದವರಲ್ಲಿ ನಮ್ಮ ದೇಶದವರೇ, ಅದರಲ್ಲೂ ಕೇರಳದವರೇ ಬಹಳ. ಭೂತಾನ್‌ನವರ ಕುರ್ಚಿಗೆ ನಾನು ಹೋದರೆ ನನ್ನ ಕುರ್ಚಿಗೆ ಯಾರಪ್ಪಾ ಗತಿ ಎಂದು ಕರುಣೆ ಉಕ್ಕಿ ಬಂದು ನಮ್ಮ ಪ್ರಿನ್ಸಿಪಾಲರನ್ನು ಕೇಳಿದೆ. "ಅದರ ಚಿಂತೆ ಬಿಡಿ ಸಾರ್, ನಿಮ್ಮ ಹಳೇ ಸ್ಟೂಡೆಂಟೇ ಒಬ್ಬ ಕೆಲಸ ಕೇಳ್ಕೊಂಡು ಬಂದು ಹೋಗ್ತಾವ್ನೆ, ಚೆನ್ನಾಗಿ ಪಾಠ ಮಾಡ್ತಾನೆ" ಅಂದರು. ಕೊನೆಯ ಮಾತು ಅವರು ಹೇಳಬೇಕಾಗಿರಲಿಲ್ಲ.

ಮನೆಯಲ್ಲಾದರೂ ಅಳುವವರು ಇದ್ದಾರು ಎಂದು ಬಂದೆ. ನಿಜ ಹೇಳಿಬಿಡುತ್ತೇನೆ, ನನಗೆ ಹೋಗಬೇಕು ಅಂತಲೂ ಇರಲಿಲ್ಲ, ಇರಬೇಕು ಅಂತಲೂ ಇರಲಿಲ್ಲ. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು "ನಮ್ಮನ್ನ ಬಿಟ್ಟು ಹೋಗ್ಬೇಡ್ರೀ" ಅನ್ನಬೇಕು, ಅಮ್ಮ ಕೈ ಹಿಡಿದುಕೊಳ್ಳಬೇಕು, ನಾನು ದೂರಕ್ಕೆ ದೃಷ್ಟಿ ನೆಟ್ಟು ಸ್ವಲ್ಪ ಹೊತ್ತು ಸುಮ್ಮನಿರಬೇಕು. ನನ್ನ ಆಸೆ ಇಷ್ಟೇ ಇತ್ತು.

ನನ್ನಾಕೆ ಟಿ. ನರಸೀಪುರದವಳು. ಮೂರು ನೀರು ಕೂಡುವ ಊರಿನವಳು ಕಣ್ಣೀರಿನಲ್ಲಿ ಮಾತ್ರ ಬಲು ಬಿಗಿ. ಅವಳು ಕೇಳಿದ ಮೊದಲ ಪ್ರಶ್ನೆ, "ಪಾಸ್‌ಪೋರ್ಟ್ ಮಾಡಿಸ್ಬೇಕಲ್ಲ?" ನಾನು ಗಂಭೀರವಾಗಿ ತಲೆಯಾಡಿಸುವಷ್ಟರಲ್ಲಿ ಅವಳ ತಮ್ಮ, ಅಂದರೆ ನನ್ನ ಭಾವಮೈದ, ಮೊಬೈಲಿನಿಂದ ತಲೆ ಎತ್ತದೆ "ಬೇಕಾಗಿಲ್ಲ ಭಾವ, ಭೂತಾನ್‌ಗೆ ನಮ್ಮೋರು ಹೋಗೋಕೆ ವೋಟರ್ ಕಾರ್ಡ್ ಸಾಕು" ಅಂದ.

"ವೋಟರ್ ಕಾರ್ಡಾ?" ಹೆಂಡತಿಯ ಮುಖ ನೋಡಬೇಕಿತ್ತು. "ಪಂಚಾಯ್ತಿ ಎಲೆಕ್ಷನ್‌ಗೂ ಅದೇ, ಫಾರಿನ್‌ಗೂ ಅದೇನಾ?"

ಸ್ವಾಮೀ, ಫಾರಿನ್ನಿನ ಅರ್ಧ ಮರ್ಯಾದೆ ಇರುವುದು ಪಾಸ್‌ಪೋರ್ಟಿನಲ್ಲಿ, ಮಿಕ್ಕರ್ಧ ದುಡ್ಡಿನ ಗುಣಾಕಾರದಲ್ಲಿ. ಗುಣಾಕಾರವೂ ಕೈಕೊಟ್ಟಿತು. ಅವರ ಒಂದು ನ್ಗುಲ್ಟ್ರಮ್ ನಮ್ಮ ಒಂದು ರೂಪಾಯಿಗೆ ಸಮ. ಯಾವುದನ್ನು ಒಂದರಿಂದ ಗುಣಿಸಿದರೂ ಅದೇ ಬರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಡಿಯಾರವಾದರೂ ಕೈ ಹಿಡಿದೀತೇ ಅಂದರೆ ಅಲ್ಲಿ ನಮಗಿಂತ ಬರೀ ಅರ್ಧ ಗಂಟೆ ಮುಂದೆ. ಎದುರು ಮನೆಯವರ ಮಗಳು ಅಮೆರಿಕಾದಲ್ಲಿದ್ದಾಳೆ. ಆ ತಾಯಿ ಮಟಮಟ ಮಧ್ಯಾಹ್ನ ಬೀದಿಗೆಲ್ಲ ಕೇಳುವಂತೆ "ಈಗ ನಮ್ಮುಡ್ಗಿ ಮಲಗಿರ್ತದೆ, ಅಲ್ಲಿ ರಾತ್ರಿ" ಅನ್ನುತ್ತಾರೆ. ನಮ್ಮಮ್ಮ ಏನಂತ ಹೇಳಿಕೊಳ್ಳಬೇಕು? "ನಮ್ಮೈಕ ಆಗ್ಲೇ ಅರ್ಧ ಗಂಟೆ ಮುಂಚೆ ಉಂಡ" ಅಂತಲೇ?

ಅಮ್ಮನ ವಿಷಯಕ್ಕೆ ಬಂದೆ ನೋಡಿ. ನನ್ನ ಕೊನೆಯ ಭರವಸೆ ಅವಳೇ. ಹತ್ತಿರ ಕೂತು, "ಅವ್ವಾ, ಬಲು ದೂರ, ಹಿಮಾಲಯದ ಮಗ್ಗುಲು, ಥಿಂಪು ಅಂತ ಊರು, ಏಳೂವರೆ ಸಾವಿರ ಅಡಿ ಎತ್ತರ, ಚಳಿ" ಎಂದು ಗಂಟಲು ಗದ್ಗದ ಮಾಡಿಕೊಂಡೆ. ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ, "ಅಲ್ಲಿ ಎಲೆ ಅಡಿಕೆ ಸಿಕ್ತದಾ?" ಅಂದಳು. ಸಿಕ್ಕುತ್ತದೆ, ಅದನ್ನು ಅಲ್ಲಿ ದೋಮ ಅನ್ನುತ್ತಾರೆ, ಚಿಕ್ಕವರು ದೊಡ್ಡವರು ಎನ್ನದೆ ಎಲೆಗೆ ಸುಣ್ಣ ಹಚ್ಚಿ ಅಡಿಕೆ ಇಟ್ಟು ಅಗಿಯುತ್ತಾರೆ. ಇದನ್ನು ಓದಿದ್ದು ನಾನೇ, ಬಾಯಿ ಬಿಟ್ಟವನೂ ನಾನೇ. "ಹಂಗಾರೆ ಒಳ್ಳೆ ಜನ ಕನ. ಹೋಗು ಮಗ, ನಿಶ್ಚಿಂತೆಯಾಗಿ ಹೋಗು" ಅಂದವಳು ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದು ಒಂದೇ, "ಬರುವಾಗ ಅಲ್ಲಿ ಅಡಿಕೆ ಒಂದ್ ಹಿಡಿ ತತ್ತಾ."

ಅಂದು ರಾತ್ರಿ ಊಟಕ್ಕೆ ಕೂತಾಗ ದೇಶದ ಮಹಿಮೆಯನ್ನಾದರೂ ಹೇಳೋಣ ಎಂದು ಹೊರಟೆ. ಭೂತಾನ್‌ನವರು ದೇಶದ ಏಳಿಗೆಯನ್ನು ಬರೀ ದುಡ್ಡಿನಲ್ಲಿ ಅಳೆಯುವುದಿಲ್ಲ, ಜನರ ಸಂತೋಷದಲ್ಲಿ ಅಳೆಯುತ್ತಾರೆ, 70ರ ದಶಕದಲ್ಲಿ ಅಲ್ಲಿನ ನಾಲ್ಕನೇ ರಾಜರು ಶುರು ಮಾಡಿದ ವಿಚಾರ, ಒಟ್ಟು 9 ವಿಭಾಗ, 33 ಸೂಚ್ಯಂಕ ಎಂದು ತರಗತಿಯ ದನಿಯಲ್ಲಿ ವಿವರಿಸಿದೆ. ಹೆಂಡತಿ ಎಂದೂ ಇಲ್ಲದ ಆಸಕ್ತಿಯಿಂದ ಕೇಳಿದಳು. "ಏನೇನು ವಿಭಾಗ?" ಮನಸ್ಸಿನ ನೆಮ್ಮದಿ, ಆರೋಗ್ಯ, ವಿದ್ಯೆ, ಸಮಯದ ಬಳಕೆ...

"ನಿಲ್ಸಿ. ಸಮಯದ ಬಳಕೆ ಅಂದ್ರೆ?"

ಯಾರು ಎಷ್ಟು ಹೊತ್ತು ದುಡಿಯುತ್ತಾರೆ, ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ ಎಂದು ಲೆಕ್ಕ ಹಾಕುತ್ತಾರೆ, ಎಂದೆ. ಅಡುಗೆಮನೆಯ ಕ್ಯಾಲೆಂಡರ್ ಹಿಂಬದಿಗೆ ಪೆನ್ಸಿಲ್ ಹಿಡಿದು ಅವಳು ಆ ಲೆಕ್ಕಕ್ಕೆ ಕೂತಳು. ನನ್ನ ದುಡಿಮೆಯ ಕಾಲಂ ಚಿಕ್ಕದಾಯಿತು, ನಿದ್ದೆಯ ಕಾಲಂಗೆ ಜಾಗ ಸಾಲದೆ ಮುಂದಿನ ತಿಂಗಳ ಹಾಳೆಗೆ ಹೋಯಿತು. ಭಾನುವಾರ ಪೇಪರು ಹಿಡಿದು ಜಗುಲಿ ಮೇಲೆ ಕೂರುವುದನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂದು ಸ್ವಲ್ಪ ಚರ್ಚೆ ನಡೆದು ಕೊನೆಗೆ ಅದೂ ನಿದ್ದೆಗೇ ಸೇರಿತು. "ನೀವು ಹೋದ್ರೆ ನಮ್ಮನೆ ಸಂತೋಷ ಎಷ್ಟು ಏರ್ತದೆ ಅಂತ ಲೆಕ್ಕದಲ್ಲೇ ಕಾಣ್ತದಲ್ರೀ" ಅಂದಳು. ಮಗ ಪಕ್ಕದಲ್ಲಿ ಗ್ರಾಫ್ ಹಾಕಿ ಕೊಟ್ಟ. ಗ್ರಾಫ್ ಹಾಕುವುದನ್ನು ಹೇಳಿಕೊಟ್ಟವನು ನಾನೇ.

ಹೋಗುವುದಾದರೆ ಅಭ್ಯಾಸ ಬೇಡವೇ ಎಂದು ಹುಮ್ಮಸ್ಸಿನಲ್ಲಿ ಎಮ ದತ್ಶಿ ಮಾಡಿಸಿದೆ. ಅದು ಅವರ ನಿತ್ಯದ ಊಟ. ನಾವು ಒಗ್ಗರಣೆಗೆ ಹಾಕುವ ಮೆಣಸಿನಕಾಯಿಯನ್ನು ಅವರು ಹುರುಳಿಕಾಯಿಯ ಹಾಗೆ ತರಕಾರಿ ಲೆಕ್ಕದಲ್ಲಿ ಹೆಚ್ಚಿ, ಚೀಸ್ ಹಾಕಿ ಬೇಯಿಸಿ, ಕೆಂಪಕ್ಕಿ ಅನ್ನದ ಜೊತೆ ಉಣ್ಣುತ್ತಾರೆ. "ಖಾರ ನನಗೇನು ಹೊಸದಾ?" ಎಂದು ಮೀಸೆ ತಿರುವಿದ್ದು ನೆನಪಿದೆ. ಎರಡನೇ ತುತ್ತಿನ ನಂತರದ್ದು ಅಷ್ಟು ನೆನಪಿಲ್ಲ. ಮಗ ಲೋಟ ಲೋಟ ನೀರು ತಂದ, ಅವ್ವ ತಲೆ ತಟ್ಟಿದಳು, ಹೆಂಡತಿ ರಸಬಾಳೆ ಸುಲಿದು ಬಾಯಿಗೆ ತುರುಕಿದಳು. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದ್ದು ಮಣ್ಣಿನ ಗುಣಕ್ಕೆ ಅನ್ನುತ್ತಾರೆ. ಮೇಷ್ಟ್ರ ಪ್ರಾಣ ಉಳಿಸಿದ ಗುಣವನ್ನೂ ಅದಕ್ಕೆ ಸೇರಿಸಬೇಕು. ಚಿನ್ನದ ರೇಟಿಗೆ ಮಾರುವ ಆ ಹಣ್ಣಿನಲ್ಲಿ ನಾನು ನುಂಗಿದ್ದೆಷ್ಟು ಎಂಬ ಲೆಕ್ಕ ಕ್ಯಾಲೆಂಡರಿನ ಹಿಂಬದಿ ಈಗಲೂ ಇದೆ.

ಉಡುಪಿನ ಕಥೆ ಕೇಳಿ. ಅಲ್ಲಿ ಗಂಡಸರು ಘೋ ಅಂತ ಉಡುತ್ತಾರೆ, ಮಂಡಿವರೆಗಿನ ನಿಲುವಂಗಿ, ಸೊಂಟಕ್ಕೆ ಬಿಗಿದ ಕಟ್ಟು, ಎದೆಯ ಮೇಲೆ ಒಂದು ದೊಡ್ಡ ಜೋಳಿಗೆಯಂಥ ಮಡಿಕೆ. ಸ್ಕೂಲು, ಆಫೀಸು ಎಲ್ಲಾ ಕಡೆ ಅದೇ. ನನ್ನ ನಿಲುವಿಗೆ ಅದು ಹೇಗೆ ಒಪ್ಪೀತು ಎಂಬ ಕುತೂಹಲ ತಡೆಯಲಾರದೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕಂಬಳಿ ಸುತ್ತಿ, ಮಂಡಿಗೆ ಮೇಲೆತ್ತಿ, ಬೆಲ್ಟ್ ಬಿಗಿದು, ಎದೆಯ ಮಡಿಕೆಯಲ್ಲಿ ಮೊಬೈಲು, ಕನ್ನಡಕ, ಒಂದು ಹಿಡಿ ಕಡಲೇಕಾಯಿ ಇಟ್ಟುಕೊಂಡು ಕನ್ನಡಿ ಮುಂದೆ ನಿಂತೆ. ಚೆನ್ನಾಗಿಯೇ ಇದ್ದೆ. ಆಗಲೇ ಹಾಲಿನವನು ಬಾಗಿಲು ತಳ್ಳಿಕೊಂಡು ಬರಬೇಕೇ! ಗಾಬರಿಯಲ್ಲಿ ತಿರುಗಿದೆ, ಬೆಲ್ಟ್ ಸಡಿಲವಾಯಿತು, ಕಡಲೇಕಾಯಿ ಚೆಲ್ಲಿತು, ಕಂಬಳಿಯೂ ಅದರ ಹಿಂದೆಯೇ ಹೊರಟಿತು. ಅವನು ಸಭ್ಯ, ಹಾಲಿಟ್ಟು ಮಾತಾಡದೆ ಹೋದ. ಸಂಜೆಗೆ ಊರೊಳಗೆ "ಮೇಷ್ಟ್ರಿಗೆ ಜ್ವರ ನೆತ್ತಿಗೇರಿದೆ" ಎಂದು ಸುದ್ದಿಯಾಗಿ, ಗುರುಮಲ್ಲೇಶ್ವರರ ಮಠದಿಂದ ವಿಭೂತಿ ತಂದುಕೊಟ್ಟವರೂ ಇದ್ದರು.

ಈ ಅವಮಾನಗಳ ನಡುವೆ ನನಗೆ ಒಂದು ದಿವ್ಯ ಉಪಾಯ ಹೊಳೆಯಿತು. ಹೋಗುವುದರಲ್ಲಿ ಮರ್ಯಾದೆ ಇಲ್ಲದಿದ್ದರೆ ಬೇಡ ಅನ್ನುವುದರಲ್ಲಿದೆಯಲ್ಲ! ನಮ್ಮ ಊರು ಯಾವುದು? ಸಾಹಿತಿ ದೇವನೂರ ಮಹಾದೇವ ಅವರ ಊರು. ರಾಜ್ಯಸಭೆಗೆ ಕರೆದರೆ ಒಲ್ಲೆ ಅಂದವರು, 2010ರಲ್ಲಿ ನೃಪತುಂಗ ಪ್ರಶಸ್ತಿ ಬೇಡ ಅಂದವರು, 2015ರಲ್ಲಿ ಪದ್ಮಶ್ರೀಯನ್ನೂ 'ಕುಸುಮಬಾಲೆ'ಗೆ ಬಂದಿದ್ದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ವಾಪಸು ಕೊಟ್ಟವರು. ಅದೇ ಮಣ್ಣು, ಅದೇ ನೀರು. ನಾನೊಂದು ಭೂತಾನ್ ನಿರಾಕರಿಸಿದರೆ ಊರಿನ ಪರಂಪರೆಗೆ ಎರಡನೇ ಹೆಸರು ಸೇರುತ್ತದೆ ಎಂದು ಚಾ ಅಂಗಡಿಯಲ್ಲಿ ಘೋಷಿಸಿಬಿಟ್ಟೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಬೀಡಿ ಕೆಳಗಿಳಿಸಿ, "ಅವ್ರು ಬೇಡ ಅಂದದ್ದು ಬೇರೆಯೋರು ತಂದು ಕೊಟ್ಟದ್ದ ಕನಾ ಮೇಷ್ಟ್ರೇ. ನೀವು ಅರ್ಜಿ ಹಾಕಿ, ಫೋಟೋ ಅಂಟಿಸಿ, ಇಂಟರ್‌ವ್ಯೂಗೂ ಹೋಗಿ ಬಂದು ಬೇಡ ಅಂತೀರಲ್ಲಾ, ಇದ್ಯಾವ ಲೆಕ್ಕ?" ಅಂದರು. ಚಾದ ದುಡ್ಡು ಕೊಟ್ಟು ಎದ್ದೆ. ಅವರದ್ದೂ ಕೊಟ್ಟೆ.

ಇಷ್ಟರಲ್ಲಿ ಮನೆಯಲ್ಲಿ ನಾನು ಹೋಗಿಯೇ ಆಗಿತ್ತು. ನನ್ನ ಓದುವ ಕೋಣೆಗೆ ಭಾವಮೈದನ ಮಂಚ ಬಂತು. ನನ್ನ ಸ್ಕೂಟರಿಗೆ ಮಗ ತನ್ನ ಇಷ್ಟದ ಸ್ಟಿಕ್ಕರ್ ಅಂಟಿಸಿದ. ಮಾವನವರು ನರಸೀಪುರದಿಂದ ಫೋನ್ ಮಾಡಿ, ಬೇಸಿಗೆಗೆ ನಾನೂ ನಿಮ್ಮತ್ತೆಯೂ ಬಂದು ಒಂದು ತಿಂಗಳು ಇರುತ್ತೇವೆ, ಅಳಿಯಂದಿರು ತಣ್ಣಗಿನ ಊರಲ್ಲಿ ಮನೆ ಹಿಡಿಯಲಿ ಅಂದರು. ಈ ಒಂದು ಕಡೆ ಮಾತ್ರ ಭೂತಾನ್ ನನ್ನ ಪಕ್ಷ ವಹಿಸಿತು. ಸುತ್ತಾಡಲು ಬರುವ ಭಾರತದವರು ಅಲ್ಲಿ ತಲೆಗೆ ರಾತ್ರಿಗೆ 1,200 ರೂಪಾಯಿ ಶುಲ್ಕ ಕಟ್ಟಬೇಕು. ಇಬ್ಬರಿಗೆ ತಿಂಗಳಿಗೆ 72,000 ಎಂದು ವಿನಯದಿಂದ ತಿಳಿಸಿದೆ. ಎಂಥ ಸುಖದ ದೇಶ ಎಂದು ಅಂದೇ ಅರ್ಥವಾಯಿತು. "ಹಂಗಾರೆ ನೀವೇ ಕಟ್ಟಿಬಿಡಿ, ಹೆಂಗೂ ಸಂಬಳ ಬರ್ತದಲ್ಲ" ಅಂದರು ಮಾವ.

ಕೊನೆಗೆ ಹೆಂಡತಿಯೇ ಒಪ್ಪಿಗೆ ಕಳಿಸಿ ಎಂದು ಕೂರಿಸಿದಳು. ವೋಟರ್ ಕಾರ್ಡ್ ಹುಡುಕಿದರೆ ಅದು ಅಕ್ಕಿ ಡ್ರಮ್ಮಿನ ಕೆಳಗೆ, ಒದ್ದೆಯಾಗಿ, ನನ್ನ ಮುಖ ಅಳಿಸಿಹೋಗಿ ಸಿಕ್ಕಿತು. ಹೊಸ ಕಾರ್ಡಿಗೆ ಫಾರಂ 8 ಕೊಡಲು ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸವನ್ನೂ ನೋಡಿಕೊಳ್ಳುವ ನಮ್ಮ ಅಂಗನವಾಡಿ ಮೇಡಂ ಹತ್ತಿರ ಓಡಿದೆ.

"ಅಯ್ಯೋ ಸಾರ್, ನಿಮ್ದು ಆಗ್ಲೇ ಫಾರಂ 7 ಹೋಯ್ತಲ್ಲ!"

ಫಾರಂ 7 ಅಂದರೆ ಪಟ್ಟಿಯಿಂದ ಹೆಸರು ತೆಗೆಯಲು ಕೊಡುವ ಅರ್ಜಿ. ತೀರಿಕೊಂಡವರಿಗೆ, ಊರು ಬಿಟ್ಟವರಿಗೆ. "ಊರೆಲ್ಲ ನೀವು ಫಾರಿನ್‌ಗೆ ಹೊಂಟೋದ್ರಿ ಅಂತಿದ್ರು. ಅಕ್ಕೋರೇ ಸಹಿ ಹಾಕ್ಕೊಟ್ರು." ಮನೆಗೆ ಬಂದು ಕೇಳಿದರೆ, "ಅವರು ಯಾವ್ಯಾವ್ದೋ ಪೇಪರ್ ತಂದಿದ್ರು, ಹಾಲು ಉಕ್ಕ್ತಾ ಇತ್ತು, ಹಾಕ್ದೆ" ಅಂದಳು. ಪಾಪ, ಹಾಲು ಉಕ್ಕುವಾಗ ಯಾವ ಹೆಂಡತಿ ತಾನೇ ಗಂಡನ ಮತದಾನದ ಹಕ್ಕನ್ನು ಓದುತ್ತಾ ನಿಲ್ಲುತ್ತಾಳೆ? ನಿಮ್ಮ ಮನೆಯಲ್ಲೂ ನಿಲ್ಲುವುದಿಲ್ಲ.

ಆದರೆ ನಾನು ಕುಗ್ಗಲಿಲ್ಲ. ವೋಟರ್ ಕಾರ್ಡ್ ಇಲ್ಲ ಅಂದಮೇಲೆ ಪಾಸ್‌ಪೋರ್ಟ್ ಬೇಕೇ ಬೇಕು! ಫಾರಿನ್ನಿಗೆ ಕೊನೆಗೂ ಕಳೆ ಬಂತು. ಮಾವನಿಗೆ ಫೋನ್ ಮಾಡಿ ಹೇಳಿದೆ, ಚಾ ಅಂಗಡಿಯಲ್ಲಿ ಹೇಳಿದೆ, ಹಾಲಿನವನಿಗೂ ಹೇಳಿದೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಅಂತ ದೇಶದಲ್ಲೇ ಮೊದಲು, 2017ರ ಜನವರಿಯಲ್ಲಿ, ತೆರೆದದ್ದು ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ ಎಂದು ಬಸ್ಸಿನಲ್ಲಿ ಪಕ್ಕದವರಿಗೆಲ್ಲ ತಿಳಿಸುತ್ತಾ ಹೋಗಿ, ಇಸ್ತ್ರಿ ಅಂಗಿಯಲ್ಲಿ ಫೋಟೋ ಕೊಟ್ಟು, ಬೆರಳಚ್ಚು ಒತ್ತಿ ಬಂದೆ. ಉಳಿದದ್ದು ಪೊಲೀಸ್ ವಿಚಾರಣೆ ಒಂದೇ.

ಪೇದೆ ಬಂದ ದಿನ ನಾನು ಕಾಲೇಜಿನಲ್ಲಿದ್ದೆ, ಹೆಂಡತಿ ತೌರಿನಲ್ಲಿ, ಅವ್ವ ಗದ್ದೆಯ ಕಡೆ. ಬೀಗ ನೋಡಿ ಆತ ಎದುರು ಮನೆಯ ಅಮೆರಿಕಾ ತಾಯಿಯನ್ನು ಕೇಳಿದನಂತೆ, ಈ ವಿಳಾಸದಲ್ಲಿ ಇಂಥವರು ವಾಸವಿದ್ದಾರಾ ಅಂತ.

"ಮೇಷ್ಟ್ರಾ? ಅವ್ರೆಲ್ಲಿದಾರೆ ಸಾರ್, ಅವರು ಫಾರಿನ್ನಲ್ಲವ್ರೆ" ಅಂದರಂತೆ. ಆಮೇಲೆ ಗಡಿಯಾರ ನೋಡಿ, "ಈಗ ಅಲ್ಲಿ ಅರ್ಧ ಗಂಟೆ ಮುಂದೆ" ಅಂತಲೂ ಸೇರಿಸಿದರಂತೆ.