ಹುಣಸೂರು ಸೀಮೆಯ ಹೊಗೆಸೊಪ್ಪಿನ ಸಂವತ್ಸರ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಎಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನೂ ಮೊದಲೇ ಹೇಳಿಬಿಡಬೇಕು; ಇಲ್ಲವಾದರೆ ಪಂಡಿತರು ಪುಟ ತಿರುಗಿಸುವುದಿಲ್ಲ. ಇಲ್ಲಿ ಅಧಿಕಾರಿ ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಸೊಪ್ಪು ಬೇಯಿಸುವ ಒಂದು ಬ್ಯಾರನ್, ಒಂದು ಲೈಸೆನ್ಸ್, ಒಂದು ಬೆಳೆಸಾಲ ಇರುವವನು. ವಿಷಯ ವರ್ಜೀನಿಯಾ ಹೊಗೆಸೊಪ್ಪು. ಅಧಿಕಾರಿಗೂ ವಿಷಯಕ್ಕೂ ಇರುವ ಸಂಬಂಧ ಬಡ್ಡಿ. ಪ್ರಯೋಜನವನ್ನು ಗ್ರಂಥದ ಕೊನೆಗೆ ಇಟ್ಟಿದೆ. ಹರಾಜು ಮುಗಿಯುವವರೆಗೆ ಅದು ಯಾರಿಗೂ ತಿಳಿಯುವಂಥದಲ್ಲ.

ಪೂರ್ವಪಕ್ಷ

ಸೊಪ್ಪಿಗೂ ಸಂವತ್ಸರದ ಗುಣ ಉಂಟು ಎಂದೊಡನೆ ವೈನ್ ಪಂಡಿತರು ಎದ್ದು ನಿಲ್ಲುತ್ತಾರೆ. "ಸಂವತ್ಸರದ ಗುಣ ದ್ರಾಕ್ಷಿಗೆ ಮಾತ್ರ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ತೋಟದವನೊಬ್ಬ ಜಿನ್‌ಫ್ಯಾಂಡೆಲ್ ದ್ರಾಕ್ಷಿಯ ವೈನ್ ಮಾಡುತ್ತಾನೆ ಎನ್ನಿ. ಒಂದು ವರ್ಷದ್ದರಲ್ಲಿ ಕಾಡುಹಣ್ಣಿನ ಪರಿಮಳ, ಮರುವರ್ಷದ್ದರಲ್ಲಿ ಕರಿಮೆಣಸಿನ ಘಾಟು, ಬಿಸಿಲು ಹೆಚ್ಚಾದ ವರ್ಷ ಜಾಮ್ ನೆಕ್ಕಿದ ಹಾಗೆ ಸಿಹಿ. ಬಾಟಲಿಯ ಮೇಲೆ ವರ್ಷವೂ ಇರುತ್ತದೆ, ತೋಟದ ಹೆಸರೂ ಇರುತ್ತದೆ. ನಿಮ್ಮ ಸೊಪ್ಪಿಗೆ ಈ ಯೋಗ್ಯತೆ ಎಲ್ಲಿಂದ ಬಂತು?" ಎಂಬುದು ಅವರ ಆಕ್ಷೇಪ. ಬ್ಯಾರನ್ ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ ಇದನ್ನು ಓದಿ ಹೇಳಿದಾಗ ಅವರು ಕೊಟ್ಟ ಸಮಾಧಾನ ಚಿಕ್ಕದು: "ಅವ್ನ್ಗೂ ಮಳೆ ಹೊಡೀತದಲ್ವಾ ಬುದ್ಧಿ, ಮತ್ತಿನ್ನೇನು?" ಈ ಸೂತ್ರಕ್ಕೆ ಭಾಷ್ಯವಾಗಿ ಮುಂದಿನ ಪ್ರಕರಣಗಳು.

ವಂಶ ಪ್ರಕರಣ

ಮೊದಲು ಕುಲಗೋತ್ರ. ಕ್ಯಾಲಿಫೋರ್ನಿಯಾದವರು ತಮ್ಮದೇ ಎಂದು ಮೆರೆಸಿದ ಜಿನ್‌ಫ್ಯಾಂಡೆಲ್ ಬಳ್ಳಿಯೂ ಕ್ರೊಯೇಷಿಯಾದ ಕರಾವಳಿಯಲ್ಲಿ ಅಳಿದುಳಿದಿದ್ದ ಹಳೆಯ ಬಳ್ಳಿಯೂ ಒಂದೇ ಎಂದು 2001ರಲ್ಲಿ ಡಿಎನ್‌ಎ ಪರೀಕ್ಷೆ ಹೇಳಿತು. ಇಟಲಿಯಲ್ಲಿ ಅದೇ ಪ್ರಿಮಿಟಿವೊ ಎಂಬ ಹೆಸರಿನಲ್ಲಿ ಸಂಸಾರ ಹೂಡಿತ್ತು. ನಮ್ಮ ಕಡೆ ನೋಡಿದರೆ ವರ್ಜೀನಿಯಾ ಹೊಗೆಸೊಪ್ಪಿಗೂ ವರ್ಜೀನಿಯಾ ತವರಲ್ಲ. 1612ರ ಸುಮಾರಿಗೆ ಜಾನ್ ರಾಲ್ಫ್ ಅಲ್ಲಿ ಬಿತ್ತಿದ್ದು ಕೆರಿಬಿಯನ್ ಕಡೆಯಿಂದ ತಂದ ಬೀಜ. ಕುಲ ಕೇಳಿದರೆ ಎರಡೂ ಕಡೆಯವರು ಸಭೆಯಲ್ಲಿ ತಲೆ ತಗ್ಗಿಸಬೇಕು. ಆದ್ದರಿಂದ ಈ ವಾದ ಸಮ.

ಎರಡನೆಯದು ನಿದ್ರಾಪ್ರಮಾಣ. 1839ರಲ್ಲಿ ಉತ್ತರ ಕೆರೊಲಿನಾದ ಸ್ಲೇಡ್ ಎಂಬವನ ಜಮೀನಿನಲ್ಲಿ ಸ್ಟೀಫನ್ ಎಂಬ ಗುಲಾಮ ಸೊಪ್ಪು ಒಣಗಿಸುವ ಕೊಟ್ಟಿಗೆಯ ಬೆಂಕಿ ಕಾಯುತ್ತಾ ನಿದ್ದೆಹೋದ. ಎಚ್ಚರವಾದಾಗ ಬೆಂಕಿ ನಂದುವುದರಲ್ಲಿತ್ತು. ಗಾಬರಿಯಲ್ಲಿ ಇದ್ದಿಲು ತಂದು ಸುರಿದ. ಏಕಾಏಕಿ ಏರಿದ ಶಾಖಕ್ಕೆ ಎಲೆ ಹೊನ್ನಿನ ಬಣ್ಣಕ್ಕೆ ತಿರುಗಿತು. ಇಂದು ಹುಣಸೂರಿನ ಕಟ್ಟೆಮಳಲವಾಡಿಯಲ್ಲಿ ನಾವು ಬ್ರೈಟ್ ಎಂದು ಕರೆಯುವ ಸೊಪ್ಪಿನ ಮೂಲಪುರುಷ ಅವನೇ. ಹೆಸರು ಜಮೀನಿನವನಿಗೆ, ಲಾಭ ಜಮೀನಿನವನಿಗೆ, ನಿದ್ದೆ ಮಾತ್ರ ಸ್ಟೀಫನ್‌ನದು. ವೈನ್ ಶಾಸ್ತ್ರದಲ್ಲೂ ಇಂಥದೊಂದು ದೃಷ್ಟಾಂತ ಉಂಟು: 1975ರಲ್ಲಿ ಕ್ಯಾಲಿಫೋರ್ನಿಯಾದ ಸಟರ್ ಹೋಮ್‌ನಲ್ಲಿ ಹುಳಿಯುವ ಕೆಲಸ ಅರ್ಧಕ್ಕೆ ನಿಂತು ಸಿಹಿ ಉಳಿದುಬಿಟ್ಟಿದ್ದೇ ವೈಟ್ ಜಿನ್‌ಫ್ಯಾಂಡೆಲ್ ಎಂದು ಜಗತ್ಪ್ರಸಿದ್ಧವಾಯಿತು. ಎಲ್ಲ ಮಹಾಶಾಸ್ತ್ರಗಳೂ ಎಡವಟ್ಟಿನಿಂದ ಹುಟ್ಟುತ್ತವೆ ಎಂಬುದು ಇದರಿಂದ ಸಿದ್ಧ.

ಮೂರನೆಯದು ರಾಜಪ್ರಮಾಣ. 1604ರ ಸುಮಾರಿಗೆ ಬಿಜಾಪುರಕ್ಕೆ ಬಂದಿದ್ದ ಅಕ್ಬರನ ರಾಯಭಾರಿ ಅಸದ್ ಬೇಗ್ ಅಲ್ಲಿ ಹೊಗೆಸೊಪ್ಪನ್ನು ಕಂಡು, ಅಂದವಾದ ಕೊಳವೆಯೊಂದಿಗೆ ಬಾದಶಹನಿಗೆ ಒಪ್ಪಿಸಿದ. ಬಾದಶಹ ದಮ್ಮು ಎಳೆದ. ಆಸ್ಥಾನದ ವೈದ್ಯರು ಬೇಡವೆಂದರು. ಆಮೇಲೆ ಅಮೀರರು ಹಿಡಿದರು, ವ್ಯಾಪಾರಿಗಳು ಅಂಗಡಿ ತೆರೆದರು. ಕನ್ನಡ ನೆಲದಿಂದ ಹೋದ ಈ ಪೊಟ್ಟಣದ ಕಥೆಯಲ್ಲಿ ದೊರೆಯ ಕುತೂಹಲ, ವೈದ್ಯರ ಆಕ್ಷೇಪ, ವ್ಯಾಪಾರಿಯ ಉತ್ಸಾಹ ಮೂರೂ ಇವೆ. ನಾಲ್ಕು ಶತಮಾನದಲ್ಲಿ ಶಾಸ್ತ್ರಕ್ಕೆ ಸೇರಿದ ಹೊಸ ಅಧ್ಯಾಯ ತೆರಿಗೆ ಒಂದೇ.

ಕ್ಷೇತ್ರ ಪ್ರಕರಣ

ಮಣ್ಣಿನ ಮಹಿಮೆಯನ್ನು ಫ್ರೆಂಚರು ಮೂಗಿನಿಂದ ಮಾತಾಡಿ ವಿವರಿಸುತ್ತಾರೆ. ನಮ್ಮ ಸೀಮೆಗೂ ತಂಬಾಕು ವಿಜ್ಞಾನದಲ್ಲಿ ಕರ್ನಾಟಕ ಲೈಟ್ ಸಾಯಿಲ್ಸ್ ಎಂಬ ಬಿರುದಿದೆ. ಲಕ್ಷ್ಮಣತೀರ್ಥ, ಕಾವೇರಿ, ಕಬಿನಿ ಮೂರು ಹೊಳೆಗಳು ಆಜುಬಾಜಿನಲ್ಲೇ ಹರಿದರೂ ಸೊಪ್ಪು ಕುಡಿಯುವುದು ಆಕಾಶದ ನೀರು. ಕೆ.ಆರ್. ನಗರದಲ್ಲಿ ನಾಲೆಯ ಕೆಳಗೆ ಭತ್ತ, ನಾಲೆ ಹತ್ತದ ಹೊಲದಲ್ಲಿ ಹೊಗೆಸೊಪ್ಪು ಎಂಬ ವರ್ಣಾಶ್ರಮ ಕಣ್ಣಿಗೇ ಕಾಣುತ್ತದೆ. ಆಂಧ್ರದವರು ಹಿಂಗಾರಿಗೆ ಬೆಳೆದರೆ ನಮ್ಮದು ಮುಂಗಾರು. ಭರಣಿ ಮಳೆಗೆ ಉಳುಮೆ, ಕೃತ್ತಿಕೆ ರೋಹಿಣಿಗೆ ನಾಟಿ, ಪುನರ್ವಸುವಿನಿಂದ ಮಘೆಯವರೆಗೆ ಸೊಪ್ಪು ಮುರಿಯುವುದು, ಬೇಯಿಸುವುದು. ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಮೇಲೆ; ಸಾಲ ಹಾಗಲ್ಲ.

ಇನ್ನು ರುಚಿ. ಜಿನ್‌ಫ್ಯಾಂಡೆಲ್ ತೋಟದವನು ತನ್ನ ಹಣ್ಣಿಗೆ ಬೇರಾರಿಗೂ ಇಲ್ಲದ ಗುಣವಿದೆ ಎಂದು ಸಾರಿ ಮಾರುತ್ತಾನೆ. ನಮ್ಮ ಸೊಪ್ಪಿಗೆ ಜಾಗತಿಕ ಮಾರುಕಟ್ಟೆಯಲ್ಲಿರುವ ಕೀರ್ತಿ ನ್ಯೂಟ್ರಲ್ ಫಿಲ್ಲರ್. ಅಂದರೆ ಯಾವುದರ ಜೊತೆ ಬೆರೆಸಿದರೂ ತನ್ನದೆಂಬ ಮಾತಾಡದೆ ಹೊಂದಿಕೊಂಡು ಹೋಗುವುದು. ನಿರ್ಗುಣೋಪಾಸನೆಗೆ ಡಾಲರಿನಲ್ಲಿ ಬೆಲೆ ಕಟ್ಟಿದ ದೃಷ್ಟಾಂತ ವೇದಾಂತದಲ್ಲೂ ಇಲ್ಲ.

ಪಾಕ ಪ್ರಕರಣ

ವೈನನ್ನು ಓಕ್ ಪೀಪಾಯಿಯಲ್ಲಿಟ್ಟು ತಿಂಗಳುಗಟ್ಟಲೆ ಕಾಯುತ್ತಾರಂತೆ. ಬ್ಯಾರನ್ನಿನಲ್ಲಿ ಐದಾರು ದಿನಕ್ಕೆ ಮನುಷ್ಯನೇ ಹದಕ್ಕೆ ಬರುತ್ತಾನೆ. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಅಂತಸ್ತು ಅಂತಸ್ತಾಗಿ ಏರಿಸಿ, ಮೊದಲು 32ರಿಂದ 40 ಡಿಗ್ರಿಯ ಹಿತವಾದ ಬಿಸಿಯಲ್ಲಿ ಹಳದಿ ಹಣ್ಣಾಗಿಸಬೇಕು. ಆಮೇಲೆ ಬಣ್ಣ ಹಿಡಿದು ನಿಲ್ಲಿಸಿ ಎಲೆ ಒಣಗಿಸಬೇಕು. ಕೊನೆಗೆ 70 ಡಿಗ್ರಿಯವರೆಗೆ ಏರಿಸಿ ನಡುನರ ಒಣಗಿಸಬೇಕು. ಒಲೆಯ ಶಾಖ ಕಬ್ಬಿಣದ ಕೊಳವೆಯಲ್ಲಿ ಸುತ್ತುತ್ತದೆ, ಹೊಗೆ ಚಿಮಣಿಯಿಂದ ಆಚೆ ಹೋಗುತ್ತದೆ. ಮಡಿಯಲ್ಲಿರುವ ಸೊಪ್ಪಿಗೆ ಹೊಗೆ ತಾಗುವಂತಿಲ್ಲ. ರಾತ್ರಿ ಎರಡು ಗಂಟೆಗೆ ಬಿಸಿ ತಪ್ಪಿದರೆ ಹಸಿರು ಉಳಿಯುತ್ತದೆ, ಹೆಚ್ಚಿದರೆ ಕಂದು ಬೀಳುತ್ತದೆ. ಆಗ ಗಂಡ ಹೆಂಡಿರ ನಡುವೆ ನಡೆಯುವ ಶಾಸ್ತ್ರಾರ್ಥವನ್ನು ಗ್ರಂಥಗೌರವಕ್ಕಾಗಿ ಬಿಟ್ಟಿದೆ.

ಒಂದು ಕಿಲೋ ಸೊಪ್ಪು ಬೇಯಲು ನಾಲ್ಕೈದು ಕಿಲೋ ಸೌದೆ ಬೇಕು. ಎಚ್.ಡಿ. ಕೋಟೆಯ ಕಡೆ ನಾಗರಹೊಳೆ, ಬಂಡೀಪುರದ ಅಂಚಿನಲ್ಲೇ ಬ್ಯಾರನ್ನುಗಳ ಸಾಲಿದೆ. ಪೀಪಾಯಿಯ ಓಕ್ ಯಾವ ಕಾಡಿನದು ಎಂದು ಹೇಳಿಕೊಳ್ಳುವ ಪದ್ಧತಿ ವೈನಿನವರದು. ಒಲೆಗೆ ಹೋದ ಮರಗಳ ವಂಶಾವಳಿ ಬರೆಯಲು ನಮ್ಮಲ್ಲಿ ಯಾರೂ ಮುಂದೆ ಬಂದಿಲ್ಲ.

ಸಂವತ್ಸರಫಲ ಪ್ರಕರಣ

ವಿಳಂಬಿ (2018): ಜುಲೈನಲ್ಲೇ ಕೆಆರ್‌ಎಸ್ ಜಲಾಶಯ ತುಂಬಿತು. ಆಶ್ಲೇಷ ಮಳೆಯಲ್ಲಿ ಕೊಡಗಿನ ಗುಡ್ಡಗಳೇ ಜಾರಿದವು. ಬೇರು ನೀರಿನಲ್ಲಿ ನಿಂತರೆ ಗೊಬ್ಬರ ತೊಳೆದುಹೋಗಿ ಎಲೆ ತೆಳ್ಳಗಾಗುತ್ತದೆ. ಆಸ್ವಾದನ ಟಿಪ್ಪಣಿ: ದೇಹ ಹಗುರ, ಗಂಧ ಒದ್ದೆ ಗೋಣಿಚೀಲ, ಕೊನೆಯಲ್ಲಿ ಯೂರಿಯಾ ಬಿಲ್ಲಿನ ಕಹಿ.

ವಿಕಾರಿ (2019): ಮತ್ತೆ ಆಶ್ಲೇಷ, ಮತ್ತೆ ನೆರೆ. ಲಕ್ಷ್ಮಣತೀರ್ಥ ದಡ ಮೀರಿತು. ಹೊಳೆಯಂಚಿನ ಕೃತಿಗಳು ಅಲಭ್ಯ.

ಶಾರ್ವರಿ (2020): ನಾಟಿಯ ಹೊತ್ತಿಗೆ ಲಾಕ್‌ಡೌನ್. ಹರಾಜಿನಲ್ಲಿ ಕೊಳ್ಳುವವರೂ ಮಾರುವವರೂ ಮೂಗು ಬಾಯಿ ಮುಚ್ಚಿಕೊಂಡಿದ್ದರು. ಆದರೂ ಗ್ರೇಡ್ ಬರೆಯುವುದು ನಿಲ್ಲಲಿಲ್ಲ. ಗುಣಪರೀಕ್ಷೆಗೆ ಮೂಗು ಅತ್ಯಗತ್ಯ ಎಂಬ ವೈನ್ ಸಿದ್ಧಾಂತ ಇಲ್ಲಿ ಖಂಡನೆಗೊಳಗಾಯಿತು.

ಶೋಭಕೃತ್ (2023): 1901ರಿಂದ ಲೆಕ್ಕ ಇಟ್ಟಂದಿನಿಂದ ದೇಶ ಕಾಣದಷ್ಟು ಒಣ ಆಗಸ್ಟ್. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪಟ್ಟಿಗೆ ಸೇರಿದವು. ಬರದಲ್ಲಿ ಎಲೆ ದಪ್ಪವಾಗಿ ನಿಕೋಟಿನ್ ಏರುತ್ತದೆ, ತೂಕ ಇಳಿಯುತ್ತದೆ. ಹಾಗಿದ್ದೂ ಈ ಸಂವತ್ಸರವೇ ಲಕ್ಷ್ಮೀಪುತ್ರ: 2019-20ರಲ್ಲಿ ದೇಶದಲ್ಲಿ ಕಿಲೋಗೆ 124 ರೂಪಾಯಿ ಇದ್ದ ಸರಾಸರಿ 2023-24ಕ್ಕೆ 279 ರೂಪಾಯಿ 54 ಪೈಸೆ ಆಯಿತೆಂದು ವಾಣಿಜ್ಯ ಸಚಿವಾಲಯ ಲೆಕ್ಕ ಕೊಟ್ಟಿತು. ಇದರಿಂದ ಒಂದು ಪ್ರಮೇಯ ಹೊರಡುತ್ತದೆ. ಪಿರಿಯಾಪಟ್ಟಣದ ಬೆಲೆಯ ಯೋಗ ಪಿರಿಯಾಪಟ್ಟಣದ ಪಂಚಾಂಗದಲ್ಲಿ ಇರುವುದಿಲ್ಲ. ಪೈಪೋಟಿಗೆ ಸೊಪ್ಪು ಬೆಳೆಯುವ ಬ್ರೆಜಿಲ್‌ನಲ್ಲಿ ಮಳೆ ಕೆಟ್ಟಿತೇ, ಜಿಂಬಾಬ್ವೆಯಲ್ಲಿ ಬರ ಬಿತ್ತೇ ಎಂದು ನೋಡಬೇಕು. ಕಂಪಲಾಪುರದ ಚಹಾ ಅಂಗಡಿಯಲ್ಲಿ ಹರಾರೆಯ ಹವಾಮಾನ ಚರ್ಚೆಯಾಗುವುದಕ್ಕೆ ಕಾರಣ ಇದೇ.

ಮನ್ಮಥ (2015) ಸಂವತ್ಸರಕ್ಕೆ ಈ ಗ್ರಂಥದಲ್ಲಿ ಆಸ್ವಾದನ ಟಿಪ್ಪಣಿ ಇಲ್ಲ. ಆ ವರ್ಷ ಮಳೆಯೂ ಬೆಲೆಯೂ ಕೈಕೊಟ್ಟು, ಈ ತಾಲ್ಲೂಕುಗಳಿಂದ ಹೊಗೆಸೊಪ್ಪು ಬೆಳೆಗಾರರ ಆತ್ಮಹತ್ಯೆಯ ಸುದ್ದಿ ಬಂತು.

ಪರೀಕ್ಷಾ ಪ್ರಕರಣ

ಸಂಸತ್ತು 1975ರಲ್ಲಿ ಕಾಯ್ದೆ ಮಾಡಿತು, 1976ರಲ್ಲಿ ಗುಂಟೂರಿನಲ್ಲಿ ತಂಬಾಕು ಮಂಡಳಿ ಕುಳಿತಿತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯಿತು. ಈಚಿನ ವರ್ಷಗಳಲ್ಲಿ ರಾಜ್ಯಕ್ಕೆ 10 ಕೋಟಿ ಕಿಲೋದ ಆಸುಪಾಸಿನ ಮಿತಿ ಇದೆ. ಮಿತಿ ಇರುವುದು ಮಂಡಳಿಗೆ ಗೊತ್ತು, ರೈತನಿಗೆ ಗೊತ್ತು, ಗಿಡಕ್ಕೆ ಗೊತ್ತಿಲ್ಲ.

ಪರೀಕ್ಷಾವಿಧಿ ಹೀಗೆ. ಮನೆಮಂದಿಯೆಲ್ಲ ಕೂತು ಅಡಿ ಎಲೆ, ನಡು ಎಲೆ, ತುದಿ ಎಲೆ ಬೇರೆ ಮಾಡಿ, ಬಣ್ಣ ನೋಡಿ, ಕಲೆ ನೋಡಿ, ವಾರಗಟ್ಟಲೆ ಗ್ರೇಡಿಂಗ್ ಮಾಡಿ ಬೇಲ್ ಕಟ್ಟುತ್ತಾರೆ. ಹರಾಜುಕಟ್ಟೆಯಲ್ಲಿ ಬೇಲುಗಳ ಸಾಲಿನ ಪಕ್ಕ ಕೊಳ್ಳುವ ಕಂಪನಿಯವರು ನಡೆದು ಬರುತ್ತಾರೆ. ಒಂದು ಹಿಡಿ ಎಳೆದು, ಮಡಿಚಿ, ಮೂಸಿ, ಕೈಯಲ್ಲಿರುವ ಯಂತ್ರದ ಗುಂಡಿ ಒತ್ತುತ್ತಾರೆ. ಗ್ರೇಡ್ ಮೂರು: ಬ್ರೈಟ್, ಮೀಡಿಯಂ, ಲೋ. ಯಾರೂ ಒತ್ತದಿದ್ದರೆ ನೋ ಬಿಡ್. ಹತ್ತು ತಿಂಗಳ ಕೃತಿಗೆ ಕೆಲವು ಕ್ಷಣದ ವಿಮರ್ಶೆ. ಕನ್ನಡ ಸಾಹಿತಿಗಳು ಇದಕ್ಕಿಂತ ಕಡಿಮೆ ಸಮಯವನ್ನೂ ಕಂಡಿದ್ದಾರೆ ಎಂಬ ಸಮಾಧಾನವುಂಟು. ಆದರೆ ಸಾಹಿತಿ ನೋ ಬಿಡ್ ಆದ ಕೃತಿಯನ್ನು ಟ್ರ್ಯಾಕ್ಟರಿನಲ್ಲಿ ಬಾಡಿಗೆ ಕೊಟ್ಟು ವಾಪಸ್ ತರಬೇಕಿಲ್ಲ. "ನಿನ್ನೆ ಇದೇ ಸೊಪ್ಪು ಬ್ರೈಟು, ಇವತ್ತು ಮೀಡಿಯಮ್ಮು. ರಾತ್ರಿ ಬೇಲ್ನಲ್ಲಿ ಏನಾಯ್ತಣ್ಣ?" ಎಂದು ರೈತ ಕೇಳುವ ಪ್ರಶ್ನೆ ಈ ಶಾಸ್ತ್ರದ ಅತ್ಯಂತ ಕಠಿಣ ಸ್ಥಳ. ಭಾಷ್ಯಕಾರರೆಲ್ಲ ಅಲ್ಲಿ ಕೆಮ್ಮಿ ಮುಂದೆ ಹೋಗಿದ್ದಾರೆ.

ಸಿದ್ಧಾಂತ

ಪೂರ್ವಪಕ್ಷಕ್ಕೆ ಈಗ ಉತ್ತರ. ಸೊಪ್ಪಿಗೂ ಸಂವತ್ಸರವುಂಟು, ಕ್ಷೇತ್ರವುಂಟು, ಕೈಗುಣವುಂಟು. ವ್ಯತ್ಯಾಸ ಒಂದೇ: ವೈನಿನ ವರ್ಷ ಕುಡಿಯುವವನಿಗೆ ಗೊತ್ತಾಗಬೇಕು, ಸೊಪ್ಪಿನ ವರ್ಷ ಸೇದುವವನಿಗೆ ಗೊತ್ತಾಗಬಾರದು. ಒಳ್ಳೆಯ ವರ್ಷ, ಕೆಟ್ಟ ವರ್ಷ, ಹುಣಸೂರಿನ ಚಿಲ್ಕುಂದ, ಬ್ರೆಜಿಲ್ ಎಲ್ಲವನ್ನೂ ಬೆರೆಸಿ ಒಂದೇ ರುಚಿ ಮಾಡುವುದೇ ಸಿಗರೇಟು ಕಂಪನಿಯ ಕೌಶಲ. ಪ್ಯಾಕಿನ ಮೇಲೆ ಹೊಲದ ಹೆಸರಿಲ್ಲ, ಬೆಳೆದವನ ಹೆಸರಿಲ್ಲ. 2016ರ ಏಪ್ರಿಲ್‌ನಿಂದ ಅದರ ಶೇ 85 ಭಾಗ ರೋಗದ ಚಿತ್ರಕ್ಕೂ ಎಚ್ಚರಿಕೆಯ ಮಾತಿಗೂ ಮೀಸಲು. ದೇಶದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ತಂಬಾಕಿನಿಂದ ಸಾಯುತ್ತಿರುವಾಗ ಆ ಚಿತ್ರದ ಮೇಲೆ ಟೀಕೆ ಬರೆಯುವ ಧೈರ್ಯ ಈ ಮೀಮಾಂಸಕನಿಗಿಲ್ಲ.

ಫಲಶ್ರುತಿ

ಈ ಗ್ರಂಥವನ್ನು ಪಾರಾಯಣ ಮಾಡಿದವನಿಗೆ ಬ್ರೈಟ್ ಗ್ರೇಡ್ ಸಿಕ್ಕೀತು ಎಂದು ಹೇಳಲಾರೆವು. ಕಾಯ್ದೆ ಮಾಡುವವರು ಓದಿದರೆ ಒಂದು ಫಲವುಂಟು. ಹೊಗೆಸೊಪ್ಪು ಬಿಡಿ ಎಂದು ಹೇಳುವವರೆಲ್ಲ ರೈತನಿಗೆ ಜೋಳ, ಶುಂಠಿ, ತರಕಾರಿ ತೋರಿಸುತ್ತಾರೆ. ಅವನು ಕೇಳುವುದು ಬೆಳೆಯ ಹೆಸರನ್ನಲ್ಲ. ಗೊತ್ತಾದ ದಿನ ತೆರೆಯುವ ಹರಾಜುಕಟ್ಟೆ, ತೂಕಕ್ಕೆ ಚೀಟಿ, ಬ್ಯಾಂಕ್ ಖಾತೆಗೆ ಹಣ. ಈ ಮೂರನ್ನೂ ರಾಗಿಗೂ ಅವರೆಗೂ ಕೊಡಿ. ಅದಾದ ಮೇಲೂ ಬ್ಯಾರನ್ನಿಗೆ ಬೆಂಕಿ ಹಚ್ಚುವವನು ಸಿಕ್ಕರೆ ಆಗ ಅವನನ್ನು ಬೈಯಿರಿ.