ಬಿಲ್ಡಪ್ಪ

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ, ಮೂಲೆಯ ಮೇಜಿನಲ್ಲಿ ಎರಡು ಮಾನಿಟರ್, ಆರಿದ ಕಾಫಿಯ ಎದುರು ಹುಬ್ಬು ಗಂಟಿಕ್ಕಿ ಕೂತವರೊಬ್ಬರು ಇದ್ದೇ ಇರುತ್ತಾರೆ. ಎಲ್ಲರೂ ಬರೆದ ಕೋಡನ್ನು ಒಂದಾಗಿ ಕಟ್ಟುವ ಕೆಲಸ, ಅಂದರೆ ಬಿಲ್ಡ್, ನೋಡಿಕೊಳ್ಳುವವರು; ಹುಡುಗರ ಬಾಯಲ್ಲಿ ಬಿಲ್ಡಪ್ಪ. ಬಿಲ್ಡಪ್ ಕೊಡುವ ಗುಣ ಮಾತ್ರ ಪಾಪ, ಅವರಿಗಿಲ್ಲ. ಬಿಲ್ಡ್ ಓಡಿಸುವ ಜೆಂಕಿನ್ಸ್‌ನ ಪರದೆ ಹಸಿರಾಗಿದ್ದಾಗ ಹೀಗೊಬ್ಬರಿದ್ದಾರೆಂದು ಯಾರಿಗೂ ನೆನಪಿರುವುದಿಲ್ಲ. ಕೆಂಪಾಯಿತೋ, ಇಡೀ ಮಹಡಿಯೇ ಎದ್ದು ಬರುತ್ತದೆ: "ಸರ್, ನಾನೇನೂ ಮುಟ್ಟಿಲ್ಲ."

ಮುಟ್ಟದೆಯೂ ಕೆಡುತ್ತದೆ ಎಂಬುದಕ್ಕೆ ಬಿಲ್ಡಪ್ಪ 2016ರ ಮಾರ್ಚ್ ತಿಂಗಳ ಕಥೆ ತೆಗೆಯುತ್ತಾರೆ. 'ಲೆಫ್ಟ್‌ಪ್ಯಾಡ್' ಎಂಬ ಹನ್ನೊಂದೇ ಸಾಲಿನ ತುಣುಕನ್ನು ಬರೆದವನು ಮುನಿಸಿಕೊಂಡು ಎನ್‌ಪಿಎಂ ಎಂಬ ಕೋಡಿನ ಉಗ್ರಾಣದಿಂದ ಹಿಂತೆಗೆದ. ಅದನ್ನು ನಂಬಿದ್ದವರನ್ನು ನಂಬಿದ್ದವರ ಬಿಲ್ಡ್‌ಗಳೆಲ್ಲ ಜಗತ್ತಿನಾದ್ಯಂತ ಮಗುಚಿದವು. ವರ್ಷ ವರ್ಷವೂ ಹೇಳುತ್ತಾರೆ, ತಿಥಿ ಮಾಡಿದ ಹಾಗೆ.

ಡಾಕ್ಟರ ಬಾಗಿಲಿಗೆ ಬಂದಕೂಡಲೇ ಜ್ವರ ಇಳಿಯುವ ಮಕ್ಕಳಿರುತ್ತವಲ್ಲ, ಅಂಥ ಟೆಸ್ಟುಗಳೆಂದರೆ ಅವರಿಗೆ ಮೈಯೆಲ್ಲ ಉರಿ. ರಾತ್ರಿ ಫೇಲು, ಬೆಳಿಗ್ಗೆ ಇವರು ನೋಡುತ್ತಿದ್ದಂತೆ ಪಾಸು. "ಇನ್ನೊಂದ್ಸಲ ಓಡಿಸಿ ಸರ್, ಸರಿ ಹೋಗತ್ತೆ" ಎಂದ ಹುಡುಗನನ್ನು ಅವರು ಇನ್ನೂ ಕ್ಷಮಿಸಿಲ್ಲ. ನಿಜಕ್ಕೂ ಸರಿ ಹೋಯಿತಲ್ಲ, ಅದಕ್ಕೇ.

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಬರೆದಂದಿನಿಂದ ಯಾವುದು ಯಾವುದಕ್ಕೆ ಕಾಯಬೇಕೆಂದು ಬರೆದುಕೊಟ್ಟರೆ ಸಾಕು, ಬದಲಾದದ್ದನ್ನಷ್ಟೇ ಯಂತ್ರ ಹೊಸದಾಗಿ ಕಟ್ಟಿಕೊಡುತ್ತದೆ. ಬರೆದುಕೊಡುವವರು ಯಾರು? ಈ ತಂಡದ ಲೈಬ್ರರಿ ಬರಲೆಂದು ಆ ತಂಡ, ಆ ತಂಡದ್ದು ಬರಲೆಂದು ಈ ತಂಡ. ಮದುವೆಯಾಗದೆ ಹುಚ್ಚು ಬಿಡೋಲ್ಲ, ಹುಚ್ಚು ಬಿಡದೆ ಮದುವೆಯಾಗೋಲ್ಲ. ಎರಡು ಕಡೆಯ ಬೀಗರ ನಡುವೆ ಬಿಲ್ಡಪ್ಪ ಓಡಾಡುತ್ತಿರುತ್ತಾರೆ.

ನಿಜವಾದ ಮದುವೆಮನೆಗೆ ಬಂದರೂ ಈ ಚಾಳಿ ಬಿಡದು. ಮೊನ್ನೆ ತಂಗಿಯ ಮಗಳ ಮದುವೆಯಲ್ಲಿ ನೇರ ಅಡುಗೆಮನೆಗೇ ನುಗ್ಗಿದರು.

"ಭಟ್ರೇ, ಕೋಸಂಬರಿ ಯಾವುದಕ್ಕೂ ಕಾಯಬೇಕಾಗಿಲ್ಲ, ಪ್ಯಾರಲಲ್ ಆಗಿ ಬಿಡಿ. ಒಬ್ಬಟ್ಟು ಹೂರಣಕ್ಕೆ ಕಾಯತ್ತೆ, ಸಾರು ಬೇಳೆಕಟ್ಟಿಗೆ ಕಾಯತ್ತೆ. ಅಂದ್ರೆ ಎಲ್ಲಾ ನಿಂತಿರೋದು ಬೇಳೆ ಮೇಲೆ! ಇನ್ನೂ ನಾಲ್ಕು ಜನ ಅಡುಗೆಯವರನ್ನ ಹಾಕಿದ್ರೂ ಬೇಳೆ ಬೇಗ ಬೇಯಲ್ಲ, ಗೊತ್ತಾ?"

ಭಟ್ಟರು ಸೌಟು ಕೆಳಗಿಡಲಿಲ್ಲ.

"ಬೇಳೆ ಬೆಂದು ಅರ್ಧ ಗಂಟೆ ಆಯ್ತು ಸ್ವಾಮಿ. ಸಾರೂ ಆಗಿದೆ. ಎಲೆ ಹಾಕಿ ಜನ ಕೂತಿದ್ದಾರೆ. ನೀವು ಬಾಗಿಲಿಗೆ ಅಡ್ಡ ನಿಂತಿದ್ದೀರಿ, ಸ್ವಲ್ಪ ಸರೀರಿ."